ಅಕ್ಕಿಯೊಳಗಿನ ಬಿಳಿ ಕಲ್ಲು

ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸಿದ ಅನುಭವ ನಿಮ್ಮಲ್ಲಿ ಅನೇಕರಿಗೆ ಇರುತ್ತದೆ. ಕರಿ ಕಲ್ಲು, ನೆಲ್ಲು ಇದ್ದರೆ ಕಂಡ ಕೂಡಲೇ ಬೆರಳು ಅಲ್ಲಿಗೆ ಹೋಗುತ್ತದೆ. ಕಷ್ಟ ಇರುವುದು ಬಿಳಿ ಕಲ್ಲಿನದು. ಅದು ಅಕ್ಕಿಯದೇ ಬಣ್ಣ, ಅಕ್ಕಿಯದೇ ಗಾತ್ರ. ಕಣ್ಣಿಗೆ ತಪ್ಪಿಸಿಕೊಂಡು ಕೊನೆಗೆ ಹಲ್ಲಿಗೆ ಸಿಗುತ್ತದೆ. ನಮ್ಮ ಅಜ್ಜಿಗೆ ಇದಕ್ಕೆ ಮೂರು ಉಪಾಯ ಗೊತ್ತಿತ್ತು. ಅಕ್ಕಿಯನ್ನು ಗುಡ್ಡೆ ಹಾಕದೆ ತೆಳ್ಳಗೆ ಹರಡುತ್ತಿದ್ದರು. ಮೊರವನ್ನು ಕಿಟಕಿಯ ಕಡೆ ಹಿಡಿದು ಅತ್ತ ಇತ್ತ ಓರೆ ಮಾಡುತ್ತಿದ್ದರು. ಆಮೇಲೆ ಅವಸರವಿಲ್ಲದೆ ಕಾಳು ಕಾಳನ್ನೂ ನೋಡುತ್ತಿದ್ದರು.

ತೆಳ್ಳಗೆ ಹರಡುವುದು, ಓರೆ ಮಾಡಿ ನೋಡುವುದು, ಕಾಳು ಕಾಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಈ ಮೂರನ್ನು ನೆನಪಿನಲ್ಲಿಡಿ. ಸ್ತನದೊಳಗೆ ಹುಟ್ಟುವ ಕ್ಯಾನ್ಸರನ್ನು ಅದು ಚಿಕ್ಕದಿರುವಾಗಲೇ ಹಿಡಿಯಲು ಎಕ್ಸ್-ರೇ ವಿಜ್ಞಾನ ನೂರು ವರ್ಷಗಳಲ್ಲಿ ಕಲಿತದ್ದು ಈ ಮೂರನ್ನೇ. ಇವತ್ತು ನಾನು ಹೇಳಬೇಕೆಂದಿರುವುದು ಅದರ ಕಥೆ.

ನಾನು ಓದಿದ್ದು ಭೌತವಿಜ್ಞಾನ. ಆಸ್ಪತ್ರೆಗಳ ಎಕ್ಸ್-ರೇ ವಿಭಾಗಗಳಲ್ಲಿ ಯಂತ್ರಗಳನ್ನು ಅಳೆದು, ಪರೀಕ್ಷಿಸಿ, ಅವು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ನೋಡುವುದರಲ್ಲಿ ಮೂವತ್ತು ವರ್ಷ ಕಳೆದಿದ್ದೇನೆ. ಹಾಗಾಗಿ ನಾನು ವೈದ್ಯೆಯಾಗಿ ಮಾತಾಡುತ್ತಿಲ್ಲ, ಯಂತ್ರದ ಪಕ್ಕದಲ್ಲಿ ನಿಂತವಳಾಗಿ ಮಾತಾಡುತ್ತಿದ್ದೇನೆ.

ಮೊದಲು, ಇದು ನಮಗೆ ಯಾಕೆ ಬೇಕು? 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ 23 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು. 6 ಲಕ್ಷ 70 ಸಾವಿರ ಮಂದಿ ಅದರಿಂದ ತೀರಿಕೊಂಡರು. ಭಾರತದಲ್ಲಿ ಹೊಸದಾಗಿ ರೋಗ ಕಾಣಿಸಿಕೊಂಡವರು ಸುಮಾರು 1 ಲಕ್ಷ 92 ಸಾವಿರ, ತೀರಿಕೊಂಡವರು ಸುಮಾರು 98 ಸಾವಿರ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಜಗತ್ತಿನ ಲೆಕ್ಕದಲ್ಲಿ ನೂರು ಹೊಸ ರೋಗಿಗಳಿಗೆ ಸುಮಾರು ಇಪ್ಪತ್ತೊಂಬತ್ತು ಸಾವು. ನಮ್ಮಲ್ಲಿ ನೂರಕ್ಕೆ ಐವತ್ತರ ಆಸುಪಾಸು. ಈ ಅಂತರಕ್ಕೆ ದೊಡ್ಡ ಕಾರಣ, ನಮ್ಮ ಹೆಣ್ಣುಮಕ್ಕಳು ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಬಲಿತಿರುತ್ತದೆ. ಅಮೆರಿಕದ ದಾಖಲೆಗಳಲ್ಲಿ, ಕ್ಯಾನ್ಸರ್ ಸ್ತನದೊಳಗೇ ಇರುವಾಗ ಗೊತ್ತಾದವರಲ್ಲಿ ಐದು ವರ್ಷ ದಾಟಿ ಬದುಕುವವರು ನೂರಕ್ಕೆ ತೊಂಬತ್ತೊಂಬತ್ತರಷ್ಟು. ದೇಹದ ಬೇರೆ ಭಾಗಗಳಿಗೆ ಹರಡಿದ ಮೇಲೆ ಗೊತ್ತಾದವರಲ್ಲಿ ಅದು ಮೂವತ್ತರ ಆಸುಪಾಸು. ಎರಡರ ನಡುವೆ ಇರುವುದು ಕಾಲ. ಆ ಕಾಲವನ್ನು ಗಳಿಸಿಕೊಡುವುದೇ ಈ ಯಂತ್ರಗಳ ಕೆಲಸ.

ಈಗ ಬಿಳಿ ಕಲ್ಲಿನ ವಿಷಯಕ್ಕೆ ಬರೋಣ. 1895ರ ನವೆಂಬರಿನಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ಊರಿನಲ್ಲಿ ರಾಂಟ್ಜೆನ್ ಕ್ಷ-ಕಿರಣವನ್ನು, ಅಂದರೆ ಎಕ್ಸ್-ರೇಯನ್ನು, ಕಂಡುಹಿಡಿದರು. ಮುಂದಿನ ತಿಂಗಳು ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದರು. ಮೂಳೆಯೂ ಬೆರಳಿನ ಉಂಗುರವೂ ಸ್ಪಷ್ಟವಾಗಿ ಮೂಡಿದವು. ಮೂಳೆಯಲ್ಲಿ ಸುಣ್ಣದ ಅಂಶವಿದೆ, ಅದು ಕಿರಣವನ್ನು ತಡೆಯುತ್ತದೆ. ಆದರೆ ಸ್ತನದಲ್ಲಿ ಮೂಳೆಯಿಲ್ಲ. ಅಲ್ಲಿರುವುದು ಕೊಬ್ಬು, ಹಾಲಿನ ಗ್ರಂಥಿಗಳು, ಅವನ್ನು ಹಿಡಿದಿಡುವ ನಾರು. ಕೊಬ್ಬು ಕಿರಣವನ್ನು ಸಲೀಸಾಗಿ ಬಿಡುತ್ತದೆ, ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಗ್ರಂಥಿ ಮತ್ತು ನಾರು ಸ್ವಲ್ಪ ತಡೆಯುತ್ತವೆ, ಬಿಳಿಯಾಗಿ ಕಾಣುತ್ತವೆ. ಕ್ಯಾನ್ಸರ್ ಗಂಟೂ ಬಿಳಿಯೇ. ವಯಸ್ಸಾದ ಮೇಲೆ ಗ್ರಂಥಿಗಳು ಕರಗಿ ಕೊಬ್ಬು ತುಂಬಿಕೊಳ್ಳುವುದರಿಂದ ಕಪ್ಪಿನ ನಡುವೆ ಬಿಳಿ ಗಂಟು ಎದ್ದು ಕಾಣುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಗ್ರಂಥಿಯೇ ದಟ್ಟ. ಬಿಳಿಯ ನಡುವೆ ಬಿಳಿಯನ್ನು ಹುಡುಕಬೇಕು.

ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ 1913ರಲ್ಲಿ ಈ ಹುಡುಕಾಟ ಶುರು ಮಾಡಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸುಮಾರು ಮೂರು ಸಾವಿರ ಸ್ತನಗಳ ಎಕ್ಸ್-ರೇ ತೆಗೆದು, ಕ್ಯಾನ್ಸರ್ ಹೇಗೆ ಹಬ್ಬುತ್ತದೆ ಎಂದು ನೋಡಿದರು. ಆ ಚಿತ್ರಗಳಲ್ಲಿ ಅವರಿಗೆ ರವೆಯ ಹಾಗೆ ಚದುರಿದ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಕಂಡವು. ಅವು ಸುಣ್ಣದ ಕಣಗಳು. ಕೆಲವು ಕ್ಯಾನ್ಸರುಗಳು ಗಂಟಾಗುವ ಮೊದಲೇ ಇಂಥ ಕಣಗಳನ್ನು ಬಿಟ್ಟು ತಮ್ಮ ಸುಳಿವು ಕೊಡುತ್ತವೆ. ಅವುಗಳ ಗಾತ್ರ ಹಲವು ಸಲ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗ. ಕೈಗೆ ಸಿಗುವಂಥದ್ದಲ್ಲ. ಸಿಕ್ಕರೆ ಎಕ್ಸ್-ರೇಗೇ ಸಿಗಬೇಕು. ಹಾಗಾಗಿ ಸ್ತನದ ಎಕ್ಸ್-ರೇ, ಅಂದರೆ ಮ್ಯಾಮೊಗ್ರಫಿ, ಒಂದೇ ಚಿತ್ರದಲ್ಲಿ ಎರಡು ಕೆಲಸ ಮಾಡಬೇಕು. ಬಿಳಿಯಲ್ಲಿ ಬಿಳಿಯನ್ನು ಬೇರ್ಪಡಿಸಬೇಕು. ಕೂದಲೆಳೆಯಷ್ಟು ಚಿಕ್ಕದನ್ನೂ ತೋರಿಸಬೇಕು. ವೈದ್ಯಕೀಯ ಎಕ್ಸ್-ರೇಗಳಲ್ಲಿ ಇಷ್ಟು ಕಠಿಣವಾದದ್ದು ಬೇರೆ ಇಲ್ಲವೆಂದೇ ನನ್ನ ತಿಳಿವಳಿಕೆ.

ಮೊದಲ ಉಪಾಯ ತೆಳ್ಳಗೆ ಹರಡುವುದು. ಉರುಗ್ವೆ ದೇಶದ ವೈದ್ಯ ರಾವುಲ್ ಲೆಬೋರ್ನ್ಯೆ 1950ರ ಸುಮಾರಿಗೆ ಸ್ತನವನ್ನು ಒತ್ತಿ ಚಪ್ಪಟೆ ಮಾಡಿ ಚಿತ್ರ ತೆಗೆಯಬೇಕೆಂದು ತೋರಿಸಿಕೊಟ್ಟರು. ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ನನ್ನನ್ನು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಯಾಕ್ರೀ ಅಕ್ಕಾರ, ಇಷ್ಟ್ ಒತ್ತಾಕ ಇದೇನ್ ರೊಟ್ಟಿ ಐತೇನ್ರಿ?" ಆಕೆಯ ನೋವಿನ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನಮ್ಮ ಕರ್ತವ್ಯ. ಒತ್ತಿದಾಗ ಒಂದರ ಮೇಲೊಂದು ಬಿದ್ದಿದ್ದ ಅಂಗಾಂಶ ಬಿಡಿಸಿಕೊಂಡು ಹರಡುತ್ತದೆ. ದಪ್ಪ ಕಡಿಮೆಯಾದ್ದರಿಂದ ಕಡಿಮೆ ಕಿರಣ ಸಾಕಾಗುತ್ತದೆ. ದಿಕ್ಕು ತಪ್ಪಿ ಚದುರುವ ಕಿರಣವೂ ಕಡಿಮೆ. ಅಲುಗಾಡದ ಕಾರಣ ಚಿತ್ರ ಮಸುಕಾಗುವುದಿಲ್ಲ. ಒತ್ತುವುದು ಕೆಲವೇ ಸೆಕೆಂಡು. ಅದರಿಂದ ಗಂಟು ಹುಟ್ಟುವುದಿಲ್ಲ, ಇರುವ ಗಂಟು ಹರಡುವುದೂ ಇಲ್ಲ. ಇಷ್ಟನ್ನು ಮೊದಲೇ ಬಿಡಿಸಿ ಹೇಳಿದರೆ ಹೆಣ್ಣುಮಕ್ಕಳು ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಾರೆ. ಹೇಳದೆ ಒತ್ತಿದರೆ ಮುಂದಿನ ಸಲ ಬರುವುದಿಲ್ಲ.

ಒತ್ತಿದರಷ್ಟೇ ಸಾಲದು, ಕಿರಣವೂ ತಕ್ಕದ್ದಿರಬೇಕು. 1960ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ರಾಬರ್ಟ್ ಈಗನ್ ಕಡಿಮೆ ವೋಲ್ಟೇಜಿನ ಮೃದು ಕಿರಣ ಬಳಸುವ ವಿಧಾನವನ್ನು ರೂಢಿಗೆ ತಂದರು. ಎದೆಯ ಎಕ್ಸ್-ರೇಗೆ ಒಂದು ಲಕ್ಷ ವೋಲ್ಟ್ ಬಳಸಿದರೆ ಮ್ಯಾಮೊಗ್ರಫಿಗೆ ಇಪ್ಪತ್ತೈದರಿಂದ ಮೂವತ್ತೈದು ಸಾವಿರ ವೋಲ್ಟ್ ಮಾತ್ರ. ಕಿರಣ ಮೃದುವಾದಷ್ಟೂ ಕೊಬ್ಬು ಮತ್ತು ಗಂಟಿನ ನಡುವಿನ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಶಾರ್ಲ್ ಗ್ರೋ ಅವರ ಪ್ರಯತ್ನದಿಂದ 1960ರ ದಶಕದ ನಡುವೆ ಇದಕ್ಕೆಂದೇ ಮೀಸಲಾದ ಯಂತ್ರ ಹುಟ್ಟಿತು. ನ್ಯೂಯಾರ್ಕಿನಲ್ಲಿ 1963ರಲ್ಲಿ ಸುಮಾರು 62 ಸಾವಿರ ಮಹಿಳೆಯರನ್ನು ಸೇರಿಸಿಕೊಂಡು ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ಮ್ಯಾಮೊಗ್ರಫಿ ಮತ್ತು ವೈದ್ಯರ ಕೈಪರೀಕ್ಷೆ ಎರಡನ್ನೂ ಪಡೆದ ಗುಂಪಿನಲ್ಲಿ, ಮೊದಲ ಹತ್ತು ವರ್ಷಗಳಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ರೋಗ ಕಾಣುವ ಮೊದಲೇ ಹುಡುಕಿದರೆ ಜೀವ ಉಳಿಯುತ್ತದೆ ಎನ್ನುವುದಕ್ಕೆ ಸಿಕ್ಕ ಮೊದಲ ದೊಡ್ಡ ಸಾಕ್ಷಿ ಅದು.

ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು ಫಿಲ್ಮ್. ಕೆಂಪು ದೀಪದ ಕತ್ತಲೆ ಕೋಣೆ, ಡೆವಲಪರಿನ ಘಾಟು, ಒಣಗಲು ನೇತುಹಾಕಿದ ಫಿಲ್ಮುಗಳು. ಫಿಲ್ಮ್ ಸಾಮಾನ್ಯ ವಸ್ತುವಲ್ಲ, ಬಹಳ ಸೂಕ್ಷ್ಮವಾದದ್ದು. ಆದರೆ ಅದಕ್ಕೊಂದು ಮಿತಿ ಇತ್ತು. ಕಿರಣವನ್ನು ಹಿಡಿಯುವುದೂ ಅದೇ, ವೈದ್ಯರ ಕಣ್ಣಿಗೆ ತೋರಿಸುವುದೂ ಅದೇ, ವರ್ಷಗಟ್ಟಲೆ ಕಾಪಾಡಿಕೊಳ್ಳುವುದೂ ಅದೇ. ಒಂದು ಸಲ ತೊಳೆದ ಮೇಲೆ ಮುಗಿಯಿತು. ದಟ್ಟ ಗ್ರಂಥಿಯ ಭಾಗಕ್ಕೆ ಕಿರಣ ಸಾಲದೆ ಅದು ಸುಣ್ಣ ಬಳಿದ ಗೋಡೆಯ ಹಾಗೆ ಬಂದರೆ, ಆ ಗೋಡೆಯ ಹಿಂದೆ ಏನಿದೆಯೆಂದು ನೋಡಲು ದಾರಿಯಿರಲಿಲ್ಲ. ಡೆವಲಪರ್ ಹಳತಾಗಿದ್ದರೆ, ಅದರ ಶಾಖ ಒಂದೆರಡು ಡಿಗ್ರಿ ಏರುಪೇರಾಗಿದ್ದರೆ ಚಿತ್ರ ಕೆಡುತ್ತಿತ್ತು. ಆಗ ಆ ಹೆಣ್ಣುಮಗಳನ್ನು ಮತ್ತೆ ಕರೆದು, ಮತ್ತೆ ಒತ್ತಿ, ಮತ್ತೆ ಕಿರಣ ಹಾಯಿಸಬೇಕು. ತಪ್ಪು ನಮ್ಮ ಬಾನಿಯದು, ನೋವು ಆಕೆಯದು.

ಡಿಜಿಟಲ್ ಡಿಟೆಕ್ಟರ್ ಬಂದು ಈ ಮೂರು ಕೆಲಸಗಳನ್ನು ಬೇರೆ ಬೇರೆ ಮಾಡಿತು. ಹಿಡಿಯುವುದು ಡಿಟೆಕ್ಟರ್, ತೋರಿಸುವುದು ಪರದೆ, ಕಾಪಾಡುವುದು ಕಂಪ್ಯೂಟರ್. ಪರದೆಯ ಮೇಲೆ ವೈದ್ಯರು ಬಿಳಿ ಭಾಗವನ್ನು ಬೇಕಾದಂತೆ ಗಾಢ ಮಾಡಿಕೊಂಡು, ದೊಡ್ಡದು ಮಾಡಿಕೊಂಡು ನೋಡಬಹುದು. ಇಂಥ ಮೊದಲ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2000ದಲ್ಲಿ.

ಡಿಟೆಕ್ಟರ್ ಕಟ್ಟಲು ಎರಡು ದಾರಿ ಹುಟ್ಟಿಕೊಂಡವು. ಒಂದು ದಾರಿಯಲ್ಲಿ ಕ್ಷ-ಕಿರಣ ಮೊದಲು ಬೆಳಕಾಗುತ್ತದೆ, ಆಮೇಲೆ ಬೆಳಕು ವಿದ್ಯುತ್ತಾಗುತ್ತದೆ. ಇದಕ್ಕೆ ಸೀಸಿಯಂ ಅಯೋಡೈಡ್ ಎಂಬ ಹರಳು ಬೇಕು. ಬೆಳಕಿಗೆ ಸುತ್ತಲೂ ಹರಡುವ ಗುಣವಿದೆ. ಹರಡಿದರೆ ಸಣ್ಣ ಚುಕ್ಕೆ ಕಲೆಯಾಗಿಬಿಡುತ್ತದೆ. ಅದಕ್ಕೆ ಈ ಹರಳನ್ನು ಸೂಜಿ ಸೂಜಿಯಾಗಿ ಬೆಳೆಸುತ್ತಾರೆ. ಅಡಿಕೆ ತೋಟದಲ್ಲಿ ಮರಗಳು ಒತ್ತೊತ್ತಾಗಿ ನೆಟ್ಟಗೆ ನಿಂತ ಹಾಗೆ ಲಕ್ಷಾಂತರ ಸೂಜಿಗಳು ನಿಲ್ಲುತ್ತವೆ. ಒಂದು ಸೂಜಿಯಲ್ಲಿ ಹುಟ್ಟಿದ ಬೆಳಕು ಹೆಚ್ಚಾಗಿ ಅದೇ ಸೂಜಿಯ ಗುಂಟ ಕೆಳಗಿಳಿದು ಸಿಲಿಕಾನ್ ಪದರವನ್ನು ಮುಟ್ಟುತ್ತದೆ.

ಇನ್ನೊಂದು ದಾರಿಯಲ್ಲಿ ಬೆಳಕಿನ ಮಧ್ಯಸ್ಥಿಕೆಯೇ ಇಲ್ಲ. ಸೆಲೆನಿಯಂ ಎಂಬ ಧಾತುವಿನ ತೆಳು ಪದರದಲ್ಲಿ ಕಿರಣ ಬಿದ್ದ ಜಾಗದಲ್ಲೇ ವಿದ್ಯುದಾವೇಶ ಹುಟ್ಟುತ್ತದೆ. ಪದರದ ಎರಡೂ ಬದಿಗೆ ಹೆಚ್ಚಿನ ವೋಲ್ಟೇಜ್ ಕೊಟ್ಟಿರುವುದರಿಂದ ಆ ಆವೇಶ ಅಕ್ಕಪಕ್ಕಕ್ಕೆ ಸರಿಯದೆ ನೇರವಾಗಿ ಕೆಳಗೆ ಇಳಿಯುತ್ತದೆ. ಚಿತ್ರ ಬಹಳ ಚೊಕ್ಕ. ಇಂಥ ಡಿಟೆಕ್ಟರಿನ ಒಂದೊಂದು ಮನೆ 70 ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಆದರೆ ಸೆಲೆನಿಯಂ ಪದರಕ್ಕೆ ಸೆಕೆ ಆಗದು. ಶಾಖ ಏರಿದರೆ ಅದರ ಒಳರಚನೆಯೇ ಬದಲಾಗಿ ಡಿಟೆಕ್ಟರ್ ಹಾಳಾಗುತ್ತದೆ. ಈ ಮಾತನ್ನು ನೆನಪಿಡಿ. ಕಲಬುರಗಿ, ರಾಯಚೂರಿನ ಬೇಸಿಗೆಗೂ ಇದಕ್ಕೂ ಸಂಬಂಧವಿದೆ.

ಫಿಲ್ಮ್ ಒಳ್ಳೆಯದೋ, ಡಿಜಿಟಲ್ ಒಳ್ಳೆಯದೋ? ಇದನ್ನು ತೀರ್ಮಾನಿಸಲು ಅಮೆರಿಕ ಮತ್ತು ಕೆನಡಾದ 33 ಕೇಂದ್ರಗಳಲ್ಲಿ ಎಟಾ ಪಿಸಾನೊ ಅವರ ನೇತೃತ್ವದಲ್ಲಿ 49,528 ಮಹಿಳೆಯರಿಗೆ ಎರಡೂ ಬಗೆಯ ಚಿತ್ರ ತೆಗೆದರು. ಫಲಿತಾಂಶ 2005ರಲ್ಲಿ ಬಂತು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಎರಡೂ ಸಮ. ಆದರೆ ಮೂರು ಗುಂಪುಗಳಲ್ಲಿ ಡಿಜಿಟಲ್ ಸ್ಪಷ್ಟವಾಗಿ ಮೇಲು: 50 ವರ್ಷದೊಳಗಿನವರು, ಮುಟ್ಟು ಇನ್ನೂ ನಿಲ್ಲದವರು ಅಥವಾ ನಿಲ್ಲುತ್ತಿರುವವರು, ದಟ್ಟ ಗ್ರಂಥಿಯ ಸ್ತನವುಳ್ಳವರು. ಬಿಳಿಯಲ್ಲಿ ಬಿಳಿಯನ್ನು ಹುಡುಕಬೇಕಾದ ಕಡೆಯೇ ಹೊಸ ಡಿಟೆಕ್ಟರ್ ಗೆದ್ದಿತ್ತು.

ಕೇಳುಗರೇ, ಇವತ್ತಿನ ಮಾತಿನ ತಿರುಳು ಇಲ್ಲಿದೆ. ಪಶ್ಚಿಮದ ದೇಶಗಳಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಕಾಣಿಸುವುದು ಅರವತ್ತರ ಆಚೀಚೆ. ನಮ್ಮಲ್ಲಿ ಸುಮಾರು ಹತ್ತು ವರ್ಷ ಮೊದಲೇ. ನಮ್ಮ ಜನಸಂಖ್ಯೆಯಲ್ಲಿ ಕಿರಿಯರೇ ಹೆಚ್ಚು ಎಂಬುದೂ ಇದಕ್ಕೆ ಒಂದು ಕಾರಣ. ಕಾರಣ ಏನೇ ಇರಲಿ, ನಮ್ಮ ಆಸ್ಪತ್ರೆಗಳ ಯಂತ್ರದ ಮುಂದೆ ಬಂದು ನಿಲ್ಲುವವರಲ್ಲಿ ನಲವತ್ತು, ನಲವತ್ತೈದರ ಹೆಣ್ಣುಮಕ್ಕಳು ಬಹಳ. ಹೊಸ ಡಿಟೆಕ್ಟರ್ ಅವರಿಗೆ ಬರೀ ಹೆಚ್ಚಿನ ಅನುಕೂಲವಲ್ಲ. ಹಳೆಯ ಯಂತ್ರ ಅವರ ಚಿತ್ರ ತೆಗೆದು "ಏನೂ ಇಲ್ಲ" ಎಂದು ಹೇಳಿದರೆ, ಆ ಮಾತಿನ ಮೇಲೆ ಭಾರ ಹಾಕುವುದು ಅಪಾಯ. ಈ ತಂತ್ರಜ್ಞಾನ ಹುಟ್ಟಿದ್ದು ದೂರದ ದೇಶಗಳಲ್ಲಿ. ಅದರ ಅಗತ್ಯ ಹೆಚ್ಚು ಇರುವುದು ನಮ್ಮ ಹೆಣ್ಣುಮಕ್ಕಳಿಗೆ.

ಇನ್ನು ಅಜ್ಜಿಯ ಎರಡನೆಯ ಉಪಾಯ, ಓರೆ ಮಾಡಿ ನೋಡುವುದು. ಎಷ್ಟೇ ಒತ್ತಿದರೂ ನಾಲ್ಕೈದು ಸೆಂಟಿಮೀಟರ್ ದಪ್ಪ ಉಳಿದೇ ಉಳಿಯುತ್ತದೆ. ಮೇಲಿನ ಗ್ರಂಥಿಯ ನೆರಳು ಕೆಳಗಿನ ಗಂಟಿನ ಮೇಲೆ ಬಿದ್ದು ಅದನ್ನು ಮುಚ್ಚುತ್ತದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೇನಿಯಲ್ ಕೋಪನ್ಸ್, ಲೋರೆನ್ ನಿಕ್ಲಾಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದಕ್ಕೆ ಪರಿಹಾರ ಹುಡುಕಿದರು. ಸ್ತನ ಇದ್ದಲ್ಲೇ ಇರುತ್ತದೆ. ಕಿರಣ ಬಿಡುವ ಕೊಳವೆ ಬಿಲ್ಲಿನ ಆಕಾರದಲ್ಲಿ ಚಲಿಸುತ್ತಾ, ಬೇರೆ ಬೇರೆ ಕೋನದಿಂದ ಹತ್ತಿಪ್ಪತ್ತು ಚಿತ್ರ ತೆಗೆಯುತ್ತದೆ. ಕಂಪ್ಯೂಟರ್ ಅವನ್ನೆಲ್ಲ ಸೇರಿಸಿ ಒಂದೊಂದು ಮಿಲಿಮೀಟರಿನ ಪದರಗಳಾಗಿ ಬಿಡಿಸಿ ಕೊಡುತ್ತದೆ. ವೈದ್ಯರು ಪುಸ್ತಕದ ಹಾಳೆ ತಿರುವಿದ ಹಾಗೆ ಪದರ ಪದರವಾಗಿ ನೋಡುತ್ತಾರೆ. ಇದಕ್ಕೆ ಟೋಮೋಸಿಂಥೆಸಿಸ್ ಎಂದು ಹೆಸರು. ಆಸ್ಪತ್ರೆಗಳಲ್ಲಿ 3ಡಿ ಮ್ಯಾಮೊಗ್ರಾಮ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. 2011ರಲ್ಲಿ ಇದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಇದೂ ಡಿಟೆಕ್ಟರಿನ ಗೆಲುವೇ. ಒಂದು ಚಿತ್ರಕ್ಕೆ ಕೊಡುತ್ತಿದ್ದಷ್ಟೇ ಕಿರಣವನ್ನು ಹದಿನೈದು ಚಿತ್ರಕ್ಕೆ ಹಂಚಬೇಕು. ಪ್ರತಿ ಚಿತ್ರಕ್ಕೂ ಸಿಗುವುದು ಪುಡಿಗಾಸು. ಡಿಟೆಕ್ಟರಿನ ಒಳಗಿನ ವಿದ್ಯುತ್ ಗದ್ದಲ ಹೆಚ್ಚಿದ್ದರೆ ಆ ಸಣ್ಣ ಸಂಕೇತ ಅದರಲ್ಲೇ ಮುಳುಗಿಹೋಗುತ್ತದೆ. ಸಂತೆಯ ಗಲಾಟೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಗದ್ದಲ ಕಡಿಮೆಯಿರುವ, ಕೆಲವೇ ಸೆಕೆಂಡುಗಳಲ್ಲಿ ಅಷ್ಟೂ ಚಿತ್ರಗಳನ್ನು ಓದಬಲ್ಲ ಡಿಟೆಕ್ಟರ್ ಬಂದ ಮೇಲಷ್ಟೇ ಇದು ಸಾಧ್ಯವಾಯಿತು. ನಾರ್ವೆಯ ಓಸ್ಲೋದಲ್ಲಿ 12,631 ತಪಾಸಣೆಗಳ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಬರೀ ಡಿಜಿಟಲ್ ಚಿತ್ರದಲ್ಲಿ ಸಾವಿರಕ್ಕೆ 6.1 ಕ್ಯಾನ್ಸರ್ ಸಿಕ್ಕಿದ್ದರೆ, ಟೋಮೋಸಿಂಥೆಸಿಸ್ ಸೇರಿಸಿದಾಗ 8.0 ಸಿಕ್ಕಿದವು. ಸುಮ್ಮನೆ ಗಾಬರಿಪಡಿಸುವ ಸುಳ್ಳು ಸುಳಿವುಗಳೂ ಕಡಿಮೆಯಾದವು.

ಮೂರನೆಯ ಉಪಾಯ ಕಾಳು ಕಾಳನ್ನೂ ಎಣಿಸುವುದು. ಭೌತವಿಜ್ಞಾನದವಳಾಗಿ ನನಗೆ ಬಹಳ ಪ್ರಿಯವಾದ ಭಾಗ ಇದು. ಕ್ಷ-ಕಿರಣ ನೀರಿನ ಧಾರೆಯಂತೆ ಅಖಂಡವಲ್ಲ. ಅದು ಬಿಡಿ ಬಿಡಿ ಕಾಳು. ಆ ಕಾಳಿಗೆ ಫೋಟಾನ್ ಎನ್ನುತ್ತೇವೆ. ನಾನು ಇಲ್ಲಿಯವರೆಗೆ ಹೇಳಿದ ಡಿಟೆಕ್ಟರುಗಳೆಲ್ಲ ಕಾಳನ್ನು ಎಣಿಸುವುದಿಲ್ಲ, ಮೂಟೆಯನ್ನು ತೂಗುತ್ತವೆ. ತೂಗುವುದರಲ್ಲಿ ಎರಡು ನಷ್ಟವಿದೆ. ಒಂದು, ಗೋಣಿಚೀಲದ ತೂಕವೂ ಸೇರಿಕೊಳ್ಳುತ್ತದೆ. ನಾನು ಈಗ ಹೇಳಿದ ವಿದ್ಯುತ್ ಗದ್ದಲವೇ ಆ ಚೀಲ. ಎರಡು, ದಪ್ಪ ಕಾಳಿಗೆ ಹೆಚ್ಚು ಬೆಲೆ, ಸಣ್ಣ ಕಾಳಿಗೆ ಕಡಿಮೆ ಬೆಲೆ. ಆದರೆ ಸ್ತನದ ವಿಷಯದಲ್ಲಿ ಗಂಟಿನ ಸುದ್ದಿಯನ್ನು ಚೆನ್ನಾಗಿ ಹೊತ್ತು ತರುವುದು ಕಡಿಮೆ ಶಕ್ತಿಯ ಸಣ್ಣ ಫೋಟಾನೇ. ಮೂಟೆ ತೂಗಿದಾಗ ಹೆಚ್ಚು ಬಲ್ಲವನ ಮಾತು ಕೇಳದೆ ದೊಡ್ಡ ಗಂಟಲಿನವನ ಮಾತು ಕೇಳಿದಂತಾಗುತ್ತದೆ.

ಫೋಟಾನ್ ಎಣಿಸುವ ಡಿಟೆಕ್ಟರ್ ಈ ಎರಡನ್ನೂ ಸರಿಪಡಿಸುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿನ ಮಿಡಿತವನ್ನು ಗದ್ದಲವೆಂದು ಬಿಟ್ಟುಬಿಡುತ್ತದೆ. ಮಟ್ಟ ದಾಟಿದ ಒಂದೊಂದು ಫೋಟಾನನ್ನೂ ಒಂದು, ಎರಡು, ಮೂರು ಎಂದು ಲೆಕ್ಕ ಹಾಕುತ್ತದೆ. ಶಕ್ತಿ ಕಡಿಮೆಯಿದ್ದವನ್ನೂ ಹೆಚ್ಚಿದ್ದವನ್ನೂ ಎರಡು ಬುಟ್ಟಿಗಳಾಗಿ ವಿಂಗಡಿಸಬಲ್ಲದು. ಆ ವಿಂಗಡಣೆಯಿಂದ ಸ್ತನದಲ್ಲಿ ಗ್ರಂಥಿ ಎಷ್ಟು, ಕೊಬ್ಬು ಎಷ್ಟು ಎಂದು ಅಳೆಯಬಹುದು. ಸ್ವೀಡನ್ನಿನ ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಮ್ಯಾಟ್ಸ್ ಡೇನಿಯಲ್ಸನ್ ಮತ್ತು ಸಂಗಡಿಗರ ಕೆಲಸದಿಂದ ಇಂಥ ಮ್ಯಾಮೊಗ್ರಫಿ ಯಂತ್ರ ಬಂತು. ಅವರು ಆರಿಸಿಕೊಂಡದ್ದು ಸಿಲಿಕಾನ್. ಆದರೆ ತೆಳು ಸಿಲಿಕಾನಿನೊಳಗೆ ಬಹಳಷ್ಟು ಕ್ಷ-ಕಿರಣ ಹಾದು ಆಚೆ ಹೋಗಿಬಿಡುತ್ತದೆ. ಅದಕ್ಕೆ ಅವರು ಸಿಲಿಕಾನ್ ಪಟ್ಟಿಗಳನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿದರು. ಕಿರಣ ಈಗ ಪಟ್ಟಿಯ ದಪ್ಪವನ್ನಲ್ಲ, ಅಗಲವನ್ನು ದಾಟಬೇಕು. ತಪ್ಪಿಸಿಕೊಳ್ಳಲು ಜಾಗವಿಲ್ಲ. ಮೈಕ್ರೋಡೋಸ್ ಎಂಬ ಈ ಯಂತ್ರಕ್ಕೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ದೊರೆಯಿತು. ಹೆಸರಿಗೆ ತಕ್ಕಂತೆ ಇದಕ್ಕೆ ಬೇಕಾದ ಕಿರಣದ ಪ್ರಮಾಣವೂ ಕಡಿಮೆ.

ಎಣಿಸುವ ಡಿಟೆಕ್ಟರಿಗೆ ಇನ್ನೊಂದು ಮೂಲವೂ ಇದೆ. ಜಿನೀವಾದ ಸರ್ನ್ ಸಂಸ್ಥೆಯ ಹೆಸರು ನೀವು ಕೇಳಿರಬಹುದು. ಪರಮಾಣುವಿನ ಒಳಗಿನ ಕಣಗಳನ್ನು ಡಿಕ್ಕಿ ಹೊಡೆಸುವ ಜಾಗ. ಅಲ್ಲಿ ಸಿಡಿಯುವ ಕಣಗಳ ಜಾಡು ಹಿಡಿಯಲು ಮಾಡಿದ ಎಲೆಕ್ಟ್ರಾನಿಕ್ ಚಿಪ್‌ಗಳಿಂದಲೇ ಮೆಡಿಪಿಕ್ಸ್ ಎಂಬ ಚಿಪ್‌ಗಳ ಸಂತತಿ ಹುಟ್ಟಿತು. ಆ ಸಂತತಿಯ ಒಂದು ಚಿಪ್‌ನಲ್ಲಿ 256 ಸಾಲು, ಸಾಲಿಗೆ 256 ಮನೆ, ಮನೆಯೊಂದಕ್ಕೆ 55 ಮೈಕ್ರಾನ್ ಅಗಲ. ಪ್ರತಿ ಮನೆಗೂ ಅದರದೇ ಎಣಿಕೆಯ ಯಂತ್ರ. ವಿಶ್ವದ ಹುಟ್ಟನ್ನು ತಿಳಿಯಲು ಮಾಡಿದ ಉಪಕರಣ ಒಬ್ಬ ತಾಯಿಯ ರೋಗವನ್ನು ತಿಳಿಯಲು ನೆರವಾಗುವುದು ಮೂಲವಿಜ್ಞಾನಕ್ಕೆ ಹಣ ಯಾಕೆ ಹಾಕಬೇಕು ಎಂದು ಕೇಳುವವರಿಗೆ ಒಳ್ಳೆಯ ಉತ್ತರ.

ಒತ್ತುವ ನೋವಿಗೂ ಈಗ ಪರಿಹಾರ ಕಾಣುತ್ತಿದೆ. ಜರ್ಮನಿಯ ಎರ್ಲಾಂಗನ್ನಿನಲ್ಲಿ ತಯಾರಾದ, ಕ್ಯಾಡ್ಮಿಯಂ ಟೆಲುರೈಡ್ ಡಿಟೆಕ್ಟರಿನ ಸ್ತನ ಸಿಟಿ ಯಂತ್ರವನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬಳಸಿದ್ದಾರೆ. ಇದೂ ಫೋಟಾನ್ ಎಣಿಸುವ ಯಂತ್ರವೇ. ಮಹಿಳೆ ಬೋರಲು ಮಲಗುತ್ತಾಳೆ, ಯಂತ್ರ ಸುತ್ತು ಹಾಕುತ್ತದೆ, ಒತ್ತುವ ತಟ್ಟೆಯೇ ಇಲ್ಲ. ಇನ್ನೊಂದು ಹೊಸ ದಾರಿಯೂ ಇದೆ. ಇಟಲಿಯ ಟ್ರಿಯೆಸ್ಟೆಯಲ್ಲಿ 2006ರಿಂದ ಸಿಂಕ್ರೊಟ್ರಾನ್ ಎಂಬ ದೊಡ್ಡ ವೇಗವರ್ಧಕದ ಕಿರಣದಿಂದ ಮಹಿಳೆಯರ ಸ್ತನದ ಚಿತ್ರ ತೆಗೆದರು. ಕಿರಣ ಎಷ್ಟು ತಡೆಯಲ್ಪಟ್ಟಿತು ಎಂಬುದರ ಜೊತೆಗೆ ಗಂಟಿನ ಅಂಚಿನಲ್ಲಿ ಅದು ಎಷ್ಟು ಬಾಗಿತು ಎಂಬುದನ್ನೂ ಅಲ್ಲಿ ಹಿಡಿದರು. ಇವು ನಮ್ಮ ತಾಲ್ಲೂಕು ಆಸ್ಪತ್ರೆಗೆ ನಾಳೆಯೇ ಬರುವಂಥವಲ್ಲ. ಆದರೆ ವಿಜ್ಞಾನ ಯಾವ ಕಡೆ ಹೆಜ್ಜೆ ಹಾಕುತ್ತಿದೆ ಎಂದು ತಿಳಿದಿರುವುದು ಒಳ್ಳೆಯದು.

ಕಿರಣದ ಭಯ ನಿಮ್ಮಲ್ಲಿ ಕೆಲವರಿಗೆ ಇರಬಹುದು. ಒಂದು ಮ್ಯಾಮೊಗ್ರಾಮಿನ ಕಿರಣ, ನಾವೆಲ್ಲ ಮಣ್ಣು, ಗಾಳಿ, ಆಕಾಶದಿಂದ ಕೆಲವು ವಾರಗಳಲ್ಲಿ ಸಹಜವಾಗಿ ಪಡೆಯುವಷ್ಟೇ. ಹಾಗೆಂದು ಬೇಕೆನಿಸಿದಾಗಲೆಲ್ಲ ಮಾಡಿಸಿಕೊಳ್ಳುವುದಲ್ಲ, ವೈದ್ಯರು ಹೇಳಿದಾಗ ಹಿಂಜರಿಯುವುದೂ ಅಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಯಂತ್ರ ಸೂಕ್ಷ್ಮವಾದಷ್ಟೂ ಅನುಮಾನಗಳೂ ಬರುತ್ತವೆ. ಅಮೆರಿಕದಲ್ಲಿ ಸಾವಿರ ಮಂದಿಯನ್ನು ತಪಾಸಣೆ ಮಾಡಿದರೆ ಸುಮಾರು ನೂರು ಮಂದಿಯನ್ನು ಮತ್ತೆ ಕರೆಯುತ್ತಾರೆ. ಕೊನೆಗೆ ಕ್ಯಾನ್ಸರ್ ಇರುವುದು ಐದಾರು ಮಂದಿಗೆ. ಮತ್ತೆ ಕರೆದರು ಎಂದರೆ ಕ್ಯಾನ್ಸರ್ ಎಂದಲ್ಲ. ಎಂದೂ ತೊಂದರೆ ಕೊಡದೆ ಇರಬಹುದಾಗಿದ್ದ ಕೆಲವು ಗಂಟುಗಳೂ ಸಿಕ್ಕಿಬಿಡುತ್ತವೆ, ಅವಕ್ಕೂ ಚಿಕಿತ್ಸೆ ನಡೆಯುತ್ತದೆ. ಈ ಬೆಲೆ ಗೊತ್ತಿದ್ದೇ ತಪಾಸಣೆಗೆ ಹೋಗಬೇಕು.

ಹಾಗಾದರೆ ನಮ್ಮಲ್ಲಿ ಈ ಯಂತ್ರದ ಜಾಗ ಎಲ್ಲಿ? ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದು ಮಹತ್ವದ ಪ್ರಯೋಗ ಆರಂಭಿಸಿದರು. ಮುಂಬೈಯ ಕೊಳೆಗೇರಿಗಳ ಒಂದೂವರೆ ಲಕ್ಷ ಮಹಿಳೆಯರು ಅದರಲ್ಲಿದ್ದರು. ಎಕ್ಸ್-ರೇ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರ ಕೈಪರೀಕ್ಷೆ, ಎರಡು ವರ್ಷಕ್ಕೊಮ್ಮೆ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ರೋಗ ಬೇಗ ಗೊತ್ತಾಗತೊಡಗಿತು. 50 ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಬಡತನದ ನಡುವೆ ಬರಿಗೈ ಮಾಡಿದ ಕೆಲಸ ಇದು. ನಾನು ಯಂತ್ರದವಳಾದರೂ ಆ ಕೈಗಳಿಗೆ ತಲೆಬಾಗುತ್ತೇನೆ. ಆದರೆ 50ರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಕೈಗೂ ಕಷ್ಟವಾದ ಈ ಕಿರಿಯರ ಗುಂಪಿನಲ್ಲಿಯೇ ಒಳ್ಳೆಯ ಡಿಟೆಕ್ಟರಿನ ನೆರವು ಬೇಕು ಎಂದು ನನಗೆ ಅನಿಸುವುದು ಇದಕ್ಕೆ.

ನಮ್ಮ ದೇಶದ ಕಾರ್ಯಕ್ರಮದಲ್ಲಿ 30 ದಾಟಿದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಆಗಬೇಕೆಂದು 2016ರ ಮಾರ್ಗಸೂಚಿ ಹೇಳುತ್ತದೆ. ಅದು ಮೊದಲ ಮೆಟ್ಟಿಲು. ಅಲ್ಲಿ ಅನುಮಾನ ಬಂದವರಿಗೆ ಎರಡನೆಯ ಮೆಟ್ಟಿಲು ಮ್ಯಾಮೊಗ್ರಫಿ, ಜೊತೆಗೆ ಅಲ್ಟ್ರಾಸೌಂಡ್, ಬೇಕಾದರೆ ಸೂಜಿ ಪರೀಕ್ಷೆ. ಈ ಎರಡನೆಯ ಮೆಟ್ಟಿಲು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಮಾತ್ರ ಸೀಮಿತವಾಗಬಾರದು, ಜಿಲ್ಲಾ ಆಸ್ಪತ್ರೆಗಳಲ್ಲಿ ಇರಬೇಕು. ಇದ್ದರೆ ಒಳ್ಳೆಯದೇ ಇರಬೇಕು. ಯಂತ್ರ ಕೊಂಡ ದಿನ ಪೂಜೆ ಮಾಡಿ ಫೋಟೊ ತೆಗೆಸಿಕೊಂಡರೆ ಸಾಲದು. ಸೆಲೆನಿಯಂ ಡಿಟೆಕ್ಟರ್ ಇರುವ ಕೋಣೆಗೆ ಹಗಲೂ ರಾತ್ರಿ ತಂಪು ಬೇಕು. ಕರೆಂಟು ಹೋದ ಬೇಸಿಗೆಯ ಒಂದು ಮಧ್ಯಾಹ್ನ ಸಾಕು, ಲಕ್ಷಾಂತರ ರೂಪಾಯಿಯ ಫಲಕ ಕೆಡಲು. ಒಂದು ಕಡೆ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಬದಲಿ ಫಲಕ ಬರುವವರೆಗೆ ತಿಂಗಳುಗಟ್ಟಲೆ ಕೋಣೆಗೆ ಬೀಗ. ಆ ತಿಂಗಳುಗಳಲ್ಲಿ ಬಾಗಿಲವರೆಗೆ ಬಂದು ಹಿಂತಿರುಗಿದವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಯಂತ್ರದ ಜೊತೆ ಜನರೇಟರು, ತಂತ್ರಜ್ಞೆ, ಚಿತ್ರ ಓದಬಲ್ಲ ರೇಡಿಯಾಲಜಿಸ್ಟ್, ವರ್ಷ ವರ್ಷದ ದುರಸ್ತಿಯ ಹಣ ಇವೆಲ್ಲವೂ ಸೇರಿದರೆ ಮಾತ್ರ ಅದು ತಪಾಸಣಾ ಕೇಂದ್ರ.

ಕೊನೆಯದಾಗಿ ನಿಮಗೆ ಕೆಲವು ಮಾತು. ಸ್ತನದಲ್ಲಾಗಲಿ ಕಂಕುಳಲ್ಲಾಗಲಿ ಗಂಟು ಸಿಕ್ಕರೆ, ಚರ್ಮ ಒಳಕ್ಕೆ ಎಳೆದಂತಾದರೆ, ತೊಟ್ಟಿನಿಂದ ರಕ್ತ ಒಸರಿದರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಬಹುಪಾಲು ಕ್ಯಾನ್ಸರ್ ಗಂಟುಗಳಿಗೆ ಆರಂಭದಲ್ಲಿ ನೋವಿರುವುದಿಲ್ಲ. ಅಮ್ಮನಿಗೋ ಅಕ್ಕತಂಗಿಗೋ ಈ ಕಾಯಿಲೆ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮ್ಯಾಮೊಗ್ರಾಮಿಗೆ ಹೋಗುವ ದಿನ ಪೌಡರ್, ಡಿಯೋಡರೆಂಟ್ ಹಾಕಿಕೊಳ್ಳಬೇಡಿ. ಅದರ ಪುಡಿ ಚಿತ್ರದಲ್ಲಿ ಸುಣ್ಣದ ಕಣದಂತೆ ಕಾಣಬಹುದು. ಮುಟ್ಟು ಮುಗಿದ ವಾರ ಹೋದರೆ ನೋವು ಕಡಿಮೆ. ಹಳೆಯ ಚಿತ್ರಗಳಿದ್ದರೆ ಕೊಂಡೊಯ್ಯಿರಿ, ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಯಿತು ಎಂದು ನೋಡುವುದು ವೈದ್ಯರಿಗೆ ಬಹಳ ಮುಖ್ಯ. ಯಂತ್ರ ಡಿಜಿಟಲ್ಲೋ ಅಲ್ಲವೋ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯೋ ಇಲ್ಲವೋ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಚಿತ್ರದಲ್ಲಿ ಏನೂ ಇಲ್ಲ ಎಂದರೂ ಕೈಗೆ ಗಂಟು ಸಿಗುತ್ತಿದ್ದರೆ ಅಲ್ಲಿಗೇ ಬಿಡಬೇಡಿ, ಮುಂದಿನ ಪರೀಕ್ಷೆ ಕೇಳಿ ಪಡೆಯಿರಿ.

ಗಂಡಸರಲ್ಲಿಯೂ ಒಂದು ಬೇಡಿಕೆ. ಮನೆಯ ಹೆಣ್ಣುಮಕ್ಕಳು ಈ ಮಾತನ್ನು ನಾಚಿಕೆಯಿಂದ ನುಂಗಿಕೊಳ್ಳುತ್ತಾರೆ, ಹೊಲದ ಕೆಲಸ ಮುಗಿಯಲಿ, ಮಗಳ ಮದುವೆಯಾಗಲಿ ಎಂದು ಮುಂದೂಡುತ್ತಾರೆ. ನೀವೇ ಕೇಳಿ, ನೀವೇ ಜೊತೆಗೆ ಹೋಗಿ. ಒಂದೊಂದು ಫೋಟಾನನ್ನೂ ವ್ಯರ್ಥ ಮಾಡಬಾರದು ಎಂದು ವಿಜ್ಞಾನಿಗಳು ನೂರು ವರ್ಷ ದುಡಿದಿದ್ದಾರೆ. ನಾವು ಒಂದು ತಿಂಗಳನ್ನೂ ವ್ಯರ್ಥ ಮಾಡಬಾರದು.